ಮರ ಕೇಳಲು ಬರುತ್ತಿದ್ದವರು

ಕಳೆದ ವಾರ ಆಟೋ ಕೆಟ್ಟು ನಿಂತದ್ದು ಗೊಂಬೆ ಕೆಲಸದವರ ಬೀದಿಯಲ್ಲಿ. ಡ್ರೈವರ್ ಬಗ್ಗಿ ಏನನ್ನೋ ಬಿಚ್ಚುತ್ತಿದ್ದ. ಪಕ್ಕದ ತೆರೆದ ಬಾಗಿಲಿನಿಂದ ಲೇತ್ ತಿರುಗುವ ಸದ್ದು, ಅದರ ಜೊತೆಗೇ ಬಿಸಿಯಾದ ಅರಗಿನ ವಾಸನೆ. ಚನ್ನಪಟ್ಟಣದಲ್ಲಿ ಇಷ್ಟು ವರ್ಷ ಬದುಕಿದವಳಿಗೆ ಆ ವಾಸನೆ ಹೊಸದೇನಲ್ಲ. ಆದರೆ ಎಲ್ಲರಿಗೂ ಅದು ಗೊಂಬೆಯ ನೆನಪು ತಂದರೆ ನನಗೆ ತರುವುದು ಸಂಗೀತ ಕಛೇರಿಯ ನೆನಪು. ವರ್ಷಗಟ್ಟಲೆ ನನ್ನ ಪಕ್ಕದ ಕುರ್ಚಿಯಿಂದ ಬರುತ್ತಿದ್ದ ವಾಸನೆ ಅದು...

ನಮ್ಮೂರಿನ ಸಂಗೀತದ ಹಾಲ್ ಎಂದರೆ ಒಂದು ಕಲ್ಯಾಣ ಮಂಟಪದ ಊಟದ ಹಾಲ್, ಅಷ್ಟೇ. ತಿಂಗಳ ಎರಡನೇ ಭಾನುವಾರ ಸಂಜೆ ಊಟದ ಟೇಬಲ್ಲುಗಳನ್ನು ಗೋಡೆಗೆ ಒತ್ತಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಎರಡು ಮಂಚ ಜೋಡಿಸಿ ಜಮಖಾನ ಹಾಸಿದರೆ ವೇದಿಕೆ ಸಿದ್ಧ. ಮಧ್ಯಾಹ್ನ ಮದುವೆ ಮುಗಿದಿದ್ದರೆ ಸಾರಿನ ಘಮ ಇನ್ನೂ ಹಾಗೇ ಇರುತ್ತಿತ್ತು. ಆಲಾಪನೆಯ ನಡುವೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ನಾವು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಾಗಡಿ, ಕನಕಪುರದಿಂದ ಬಸ್ಸು ಹಿಡಿದು ಬರುವವರೂ ಇದ್ದರು. ಬಂದವರು ಮೊದಲು ಕುರ್ಚಿಯ ಮೇಲೆ ಟವೆಲ್ಲೋ ಕರ್ಚೀಫೋ ಹಾಕಿ ಜಾಗ ಹಿಡಿದು, ಆಮೇಲೆ ಕೆಳಗೆ ಕಾಫಿಗೆ ಇಳಿಯುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಚಿಕ್ಕಂದಿನಲ್ಲಿ ಆರು ವರ್ಷ ವೀಣೆ ಕಲಿತವಳು, ಸಾಲದ್ದಕ್ಕೆ ಕಛೇರಿ ನಡೆಸುವ ಸಮಿತಿಯವಳು. ತಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಆ ಹಾಲಿನಲ್ಲಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಒಂದಿಷ್ಟು ಜಂಬಕ್ಕೂ ಹೇಳುತ್ತಿದ್ದೇನೆ.

ಮೂರನೇ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಪ್ರತಿ ತಿಂಗಳೂ ಒಂದು ನೀಲಿ ಗೀಟಿನ ಟವೆಲ್ ಬೀಳುತ್ತಿತ್ತು. ಅದರ ಒಡೆಯರು ಗೊಂಬೆ ಮಾಡುವ ಸಾಹೇಬರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಕೆಂಪು ಬಣ್ಣ. ಮೊದಲ ವರ್ಷ ನಮ್ಮಿಬ್ಬರ ನಡುವೆ ತಲೆಯಾಡಿಸುವುದಷ್ಟೇ ನಡೆದಿತ್ತು. ಒಂದು ಸಂಜೆ ನಾನು ತೊಡೆ ತಟ್ಟಿ ಜೋರಾಗಿ ತಾಳ ಹಾಕುತ್ತಿದ್ದಾಗ ಅವರು ಮೆಲ್ಲಗೆ ಬಗ್ಗಿದರು.

“ಮೇಡಮ್ಮೋರೇ, ಒಸಿ ಮೆಲ್ಗೆ ತಟ್ಟಿ. ಮರ ಕೇಳಿಸ್ತಾ ಇಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ. ಕಾಫಿಯ ಹೊತ್ತಿನಲ್ಲಿ ಕೇಳಿದೆ. ನಕ್ಕರು.

“ರಾಗ ಗೀಗ ನಂಗೊತ್ತಿಲ್ಲ ಕಣಮ್ಮ. ಹಾಲೆ ಮರದ್ ತುಂಡ ಲೇತ್‌ಗೆ ಏರ್ಸೋ ಮೊದ್ಲು ತಟ್ಟಿ ಕೇಳ್ಬೇಕು. ಒಳ್ಗೆ ಬಿರುಕಿದ್ರೆ ತಿರುಗ್ವಾಗ ಸೀಳಿ ಮಕಕ್ಕೇ ಹೊಡೀತದೆ.” ಹುಬ್ಬಿನ ಮೇಲಿದ್ದ ಹಳೆಯ ಗಾಯ ತೋರಿಸಿದರು. “ದಿನಾ ಆ ಮರ ಕೇಳೀ ಕೇಳೀ ಸಾಕಾಗಿರ್ತದೆ. ಇಲ್ಲಿ ಒಳ್ಳೆ ಮರ ಮಾತಾಡ್ತದೆ. ಅದ್ಕೇ ಬತ್ತೀನಿ.”

ಅಂದಿನಿಂದ ಕಛೇರಿ ಮುಗಿದ ಮೇಲೆ ಅವರ ತೀರ್ಪು ಕೇಳುವುದು ನನಗೆ ಅಭ್ಯಾಸವಾಯಿತು. ಈ ಮೃದಂಗ ಹಳೇ ಹಲಸಿನದು ಎನ್ನುವರು. ಆ ತಂಬೂರಿಗೆ ಎಲ್ಲೋ ತೇಪೆ ಹಾಕಿದ್ದಾರೆ ಎನ್ನುವರು. ಸುಮ್ಮನಿರಲಾರದೆ ಒಮ್ಮೆ ತಂಬೂರಿಯವರನ್ನೇ ವಿಚಾರಿಸಿದೆ. ತೇಪೆ ಇತ್ತು! ಆದರೂ ಒಪ್ಪಲು ನನಗೆ ಮನಸ್ಸಿಲ್ಲ. ಕುರುಡು ಅದೃಷ್ಟ ಎಂದುಕೊಂಡೆ. ಕೀರ್ತನೆಯ ತಲೆಬಾಲ ತಿಳಿಯದವರಿಗೆ ನನಗಿಂತ ಹೆಚ್ಚು ಕೇಳಿಸುತ್ತದೆ ಎಂದು ಹೇಗೆ ನಂಬುವುದು?

ಹೀಗಿರುವಾಗ ಒಂದು ಭಾನುವಾರ ವೀಣೆ ಕಛೇರಿ. ನುಡಿಸಲು ಬಂದದ್ದು ರಾಮನಗರದ ಒಬ್ಬ ಹುಡುಗಿ, ಅದು ಅವಳ ಮೊದಲ ಕಛೇರಿ. ತೀರಿಹೋದ ಅಜ್ಜಿಯ ವೀಣೆಯಲ್ಲೇ ನುಡಿಸಬೇಕೆಂದು ಹಟ ಹಿಡಿದಿದ್ದಳು. ಅವಳನ್ನು ಕರೆಸಿದವಳು ನಾನು. ಎರಡನೇ ಕೃತಿಯ ಹೊತ್ತಿಗೆ ಶ್ರುತಿ ಇಳಿಯತೊಡಗಿತು. ಹುಡುಗಿ ಬಿರಡೆ ತಿರುಗಿಸಿ ಸರಿಮಾಡಿಕೊಂಡಳು. ಮತ್ತೆ ಇಳಿಯಿತು. ಪಾಪ, ಹೊಸಬಳು, ಹೆದರಿಕೆಗೆ ಕೈ ಓಡುತ್ತಿಲ್ಲ ಎಂದು ನಾನು ಅಂದುಕೊಂಡೆ. ಪಕ್ಕದವರು ಕುರ್ಚಿಯ ತುದಿಗೆ ಬಂದು ಕೂತಿದ್ದರು.

“ಮೇಡಮ್ಮೋರೇ, ಆ ವೀಣೆ ಒಳ್ಗೆ ಬಿರುಕ್ ಬುಟ್ಟೈತೆ. ಒಸಿ ನಿಲ್ಸಕ್ಕೆ ಹೇಳಿ.”

“ಸುಮ್ನಿರಿ, ಸಾಹೇಬ್ರೇ. ಮಗು ಗಾಬರಿ ಆಗುತ್ತೆ.”

ಐದು ನಿಮಿಷ ತಡೆದುಕೊಂಡರು. ಆಮೇಲೆ ತಾವೇ ಹೇಳಿಬಿಡೋಣವೆಂದು ಎದ್ದರು. ನನಗೆ ರೇಗಿಹೋಯಿತು. ಅವರ ತೋಳು ಹಿಡಿದೆಳೆದು, ಮುಂದಿನ ಸಾಲಿಗೂ ಕೇಳುವ ಹಾಗೆ ಅಂದುಬಿಟ್ಟೆ.

“ಅದು ವೀಣೆ, ನಿಮ್ಮ ಗಿಲಕಿ ಅಲ್ಲ. ಕೂತ್ಕೊಳ್ಳಿ.”

ನಾಲ್ಕು ಜನ ನಕ್ಕರು. ಅವರು ಕೂತರು. ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು, ಮತ್ತೆ ಬಿಚ್ಚಿ ಮಡಿಸಿದರು.

ವೀಣೆ ಬಿಟ್ಟುಕೊಂಡದ್ದು ಕೊನೆಯ ಭಾಗದಲ್ಲಿ, ಹುಡುಗಿ ಭಯ ಮರೆತು ನುಡಿಸತೊಡಗಿದ್ದಾಗ. ಕೊಡವೂ ದಂಡಿಯೂ ಕೂಡುವ ಕಡೆ ಟಕ್ ಎಂದಿತು. ತಂತಿಗಳ ಎಳೆತಕ್ಕೆ ದಂಡಿ ಬಾಗಿತು. ಹುಡುಗಿ ಎರಡೂ ಕೈಯಲ್ಲಿ ವೀಣೆಯನ್ನು ಅಪ್ಪಿಕೊಂಡಳು. ಎಲ್ಲ ಬಲ್ಲ ನಾನು ಕಲ್ಲಿನ ಹಾಗೆ ಕೂತಿದ್ದೆ. ವೇದಿಕೆಗೆ ಓಡಿದವರು ಅವರೊಬ್ಬರೇ.

“ಅಳಬ್ಯಾಡ ಕಣವ್ವಾ. ಮೊದ್ಲು ತಂತಿ ಸಡ್ಲ ಬುಡು, ಇನ್ನೂ ಸೀಳ್ತದೆ,” ಎನ್ನುತ್ತಾ ತಾವೇ ದಂಡಿಯ ಕೆಳಗೆ ಅಂಗೈ ಕೊಟ್ಟು ಹಿಡಿದರು. ತಂತಿ ಪೂರ್ತಿ ಸಡಿಲವಾದ ಮೇಲೆ ತಮ್ಮ ಟವೆಲ್ಲನ್ನೇ ಸುತ್ತಿ ಕಟ್ಟಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

ರಿಪೇರಿಯವರು ನೋಡಿ ಆಗುವುದಿಲ್ಲ ಎಂದರು. ಬಿರುಕು ಸಣ್ಣದಿದ್ದಾಗಲೇ ತಂತಿ ಇಳಿಸಿದ್ದರೆ ಬೆಸೆಯಬಹುದಿತ್ತಂತೆ. ಆ ಹುಡುಗಿ ಈಗ ಬೇರೆ ವೀಣೆ ನುಡಿಸುತ್ತಾಳೆ, ಚೆನ್ನಾಗಿಯೇ ನುಡಿಸುತ್ತಾಳೆ. ಅಜ್ಜಿಯದು ಮನೆಯಲ್ಲಿ ಗೋಡೆಗೆ ಒರಗಿದೆ.

ಮುಂದಿನ ತಿಂಗಳು ಪಕ್ಕದ ಕುರ್ಚಿಗೆ ಟವೆಲ್ ಬೀಳಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನನ್ನ ಬಿಗುಮಾನ ಇಳಿಯಲು ಮೂರು ತಿಂಗಳು ಬೇಕಾಯಿತು. ಹುಡುಕಿಕೊಂಡು ಹೋದೆ. ಅವರು ಲೇತ್ ನಿಲ್ಲಿಸಿ, ಸ್ಟೂಲು ಒರೆಸಿ ಕೊಟ್ಟು, ಟೀ ತರಿಸಿದರು. ತಪ್ಪಾಯಿತು ಎಂದು ನಾನು ಹೇಳಿದ್ದು ಜೀವಮಾನದಲ್ಲಿ ನಾಲ್ಕೋ ಐದೋ ಸಲ ಇರಬಹುದು, ಅದರಲ್ಲಿ ಅಂದಿನದು ಒಂದು.

“ಅಯ್ಯೋ, ಬುಡಿ ಮೇಡಮ್ಮೋರೇ. ಬತ್ತೀನಿ,” ಎಂದರು.

ಬಂದರು ಕೂಡ. ನಾನು ಪಕ್ಕದ ಕುರ್ಚಿಯ ಮೇಲೆ ಬ್ಯಾಗಿಟ್ಟು ಕಾದಿದ್ದೆ. ಅವರು ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ ಕೂತರು. ಕರೆದರೆ, “ಇಲ್ಲಿ ಗಾಳಿ ಬತ್ತದೆ,” ಎಂದು ನಕ್ಕರು. ಇನ್ನೂ ಮೂರು ವರ್ಷ ಒಂದು ಭಾನುವಾರವೂ ತಪ್ಪಿಸದೆ ಬಂದರು, ಪ್ರತಿ ಸಲವೂ ಗಾಳಿ ಬರುವ ಕಡೆಗೇ ಕೂತರು. ಎದುರಾದರೆ ಆರೋಗ್ಯ ವಿಚಾರಿಸುತ್ತಿದ್ದರು. ಇವತ್ತಿನ ಮರ ಹೇಗಿತ್ತು ಎಂದು ನಾನು ಕೇಳಿದರೆ ಮಾತ್ರ, “ಎಲ್ಲಾ ಚೆನ್ನಾಗಿತ್ತು,” ಎನ್ನುವರು. ಎಲ್ಲಾ ಚೆನ್ನಾಗಿರಲು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಹತ್ತಿರ ಹೇಳುವುದನ್ನು ಅವರು ಬಿಟ್ಟಿದ್ದರು. ಅದು ನನಗೆ ಇವತ್ತಿಗೂ ನೋವು.

ಹೋದ ವರ್ಷ ಬಾಗಿಲ ಬಳಿಯ ಕುರ್ಚಿ ಖಾಲಿಯಾಯಿತು. ಕೆಳಗೆ ಕಾಫಿ ಕೊಡುವವರಿಂದ ಸುದ್ದಿ ತಿಳಿಯಿತು, ಮಣ್ಣಾಗಿ ವಾರ ಕಳೆದ ಮೇಲೆ...

ನಿನ್ನೆ ಎರಡನೇ ಭಾನುವಾರ. ನನ್ನ ಪಕ್ಕದಲ್ಲಿ ಒಬ್ಬ ಹೊಸ ಹುಡುಗಿ ಕೂತಿದ್ದಳು, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸವಂತೆ, ಕಛೇರಿ ಕೇಳುವುದು ಇದೇ ಮೊದಲಂತೆ. ಗಾಯಕರು ಏರು ದನಿಯಲ್ಲಿದ್ದರು, ಹಾಲಿಗೆ ಹಾಲೇ ತಾಳ ಹಾಕುತ್ತಿತ್ತು. ಅವಳು ಅಂಜುತ್ತಾ ನನ್ನ ಕಡೆ ಬಾಗಿದಳು.

“ಆಂಟಿ, ತಂಬೂರಿ ಕಡೆಯಿಂದ ಏನೋ ಜರ್ ಅಂತೈತಲ್ವಾ?”

ಕಿವಿಗೊಟ್ಟು ಕೇಳಿದೆ. ನನಗೇನೂ ಕೇಳಿಸಲಿಲ್ಲ. ಎದ್ದು ನಿಂತು ಕೈ ಎತ್ತಿದೆ. “ಒಂದು ನಿಮಿಷ ನಿಲ್ಲಿಸಬೇಕು, ತಂಬೂರಿ ನೋಡಬೇಕು,” ಎಂದೆ. ಸಮಿತಿಯವರ ಮುಖ ಕಪ್ಪಿಟ್ಟಿತು. ತಂಬೂರಿ ತಿರುಗಿಸಿ ನೋಡಿದರು, ಏನೂ ಆಗಿರಲಿಲ್ಲ. ಮಂಚದ ಕೆಳಗೆ ಯಾರೋ ಇಟ್ಟು ಮರೆತ ಸ್ಟೀಲ್ ಲೋಟ ಮಂಚದ ಕಾಲಿಗೆ ತಾಗಿ ಅದುರುತ್ತಿತ್ತು. ನಾಲ್ಕು ಜನ ನಕ್ಕರು. ಗಾಯಕರೂ ನಕ್ಕು, ನೀರು ಕುಡಿದು, ಬಿಟ್ಟಲ್ಲಿಂದ ಎತ್ತಿಕೊಂಡರು.

“ಸಾರಿ ಆಂಟಿ, ಒಂದ್ ಲೋಟಕ್ಕೋಸ್ಕರ...” ಎಂದಳು ಹುಡುಗಿ.

“ಇನ್ನೊಂದ್ಸಲ ಕೇಳಿಸಿದ್ರೂ ಹೇಳಮ್ಮ. ನಾನು ಏಳ್ತೀನಿ.”

ಕೂತ ಮೇಲೆ ಅಭ್ಯಾಸಬಲದಿಂದ ಹಿಂದೆ ಬಾಗಿಲ ಕಡೆ ನೋಡಿದೆ. ಗಾಳಿ ಬರುವ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.