ಅಕ್ಕೋರು ಮತ್ತು ಸೆಳವಿನ ಗಿಡ

ಅಕ್ಕೋರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಾಗಿರುತ್ತಿತ್ತು. ಹಳೆಯದು ಉದುರಿ ಹೊಸದು ಬರುವಷ್ಟರಲ್ಲಿ ಅದರ ಮೇಲೂ ಸುತ್ತಿಗೆಯ ಪೆಟ್ಟು ಬಿದ್ದಿರುತ್ತಿತ್ತು. ಕೊಲ್ಹಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಹೆಣ್ಣುಮಗಳಿಗೆ ಸುತ್ತಿಗೆ ಯಾಕೆ ಎಂದು ಮೊದಮೊದಲು ನನಗೂ ಅನಿಸಿತ್ತು. ಉಳಿದ ವಿದ್ಯಾರ್ಥಿಗಳು ಅವರನ್ನು ಮರಾಠಿಯಲ್ಲಿ ‘ಬಾಯಿ’ ಎಂದು ಕರೆಯುತ್ತಿದ್ದರು. ಇಚಲಕರಂಜಿಯ ನಾನೂ ಗಡಹಿಂಗ್ಲಜ ಕಡೆಯ ಅವರೂ ಮನೆಯಲ್ಲಿ ಕನ್ನಡ ಆಡುವವರು. ಹಾಗಾಗಿ ನನಗೆ ಅವರು, ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ, ಅಕ್ಕೋರು.

ಸುತ್ತಿಗೆ, ಉಳಿ ಬೇಕಾಗಿದ್ದದ್ದು ಒಂದು ಗಿಡಕ್ಕಾಗಿ. ಘಟ್ಟದ ಹೊಳೆಗಳಲ್ಲಿ ನೀರು ಬಂಡೆಗೆ ಬಡಿದು ನೊರೆಯಾಗುವ ಜಾಗದಲ್ಲೇ ಅದು ಬೆಳೆಯುತ್ತದೆ. ಮಣ್ಣು ಬೇಡ, ಕಲ್ಲಿಗೇ ಅಂಟಿಕೊಳ್ಳುತ್ತದೆ. ನೋಡಿದರೆ ಪಾಚಿ ಎನ್ನಬೇಕು. ಆದರೆ ಮಳೆಗಾಲ ಮುಗಿದು, ನೀರು ಇಳಿದು, ಬಂಡೆ ಹೊರಬಿದ್ದ ಕೂಡಲೇ ಸಾಸಿವೆಯಷ್ಟು ಹೂ ಬಿಟ್ಟು, ಬೀಜ ಕಟ್ಟಿ ಒಣಗಿಹೋಗುತ್ತದೆ. ಆ ಹೊತ್ತಿಗೇ ಹೋಗಿ, ಕಲ್ಲಿನ ಚೂರಿನ ಸಮೇತ ಎಬ್ಬಿಸಿ, ಸ್ಪಿರಿಟ್ಟಿನ ಬಾಟಲಿಗೆ ಹಾಕಬೇಕು. ಅಕ್ಕೋರು ಅದಕ್ಕೆ ಸೆಳವಿನ ಗಿಡ ಎನ್ನುತ್ತಿದ್ದರು.

ಇಷ್ಟಾಗಿ ಅವರು ಧೈರ್ಯವಂತೆ ಅಲ್ಲ. ಹೊಳೆಗೆ ಹೋಗುವ ದಿನ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಬಾಟಲಿಗಳ ಚೀಲವನ್ನು ಎದೆಗೆ ಅವಚಿಕೊಂಡು ಕೂತಿರುತ್ತಿದ್ದರು.

“ಅಂಜಿಕಿ ಬರ್ತೈತೇನ್ರಿ ಅಕ್ಕೋರ?” ಎಂದು ಒಮ್ಮೆ ಕೇಳಿದೆ.

“ಭಾಳ ಬರ್ತೈತಿ. ಸುಮ್ನ ಕೂಡು, ಮಾತಾಡಿಸಬ್ಯಾಡ.”

ಅರವತ್ತರ ದಶಕದ ಆರಂಭ. ದೀಪಾವಳಿ ಕಳೆದಿತ್ತು. ಆಜರೆಯ ತನಕ ಬಸ್ಸಿನಲ್ಲಿ, ಅಲ್ಲಿಂದ ಕಾಡಿನೊಳಕ್ಕೆ ಚಕ್ಕಡಿಯಲ್ಲಿ ನಾವಿಬ್ಬರೇ ಹೋದೆವು. ಚಕ್ಕಡಿಯವನು ಹಿರಣ್ಯಕೇಶಿಯ ದಂಡೆಯ ಮೇಲೆ ಎತ್ತು ಬಿಚ್ಚಿದ. ನಾವು ಸೀರೆ ಮೇಲೆತ್ತಿ ಕಟ್ಟಿ, ಕಲ್ಲಿನಿಂದ ಕಲ್ಲಿಗೆ ದಾಟುತ್ತ ನಡುಹೊಳೆಯ ಬಂಡೆಗೆ ಹೋದೆವು. ಅಕ್ಕೋರು ಉಳಿ ಹೊಡೆಯುತ್ತಿದ್ದರು, ನಾನು ಬಾಟಲಿ ಹಿಡಿದಿದ್ದೆ. ಘಟ್ಟದ ನೆತ್ತಿಯ ಮೇಲೆ ಮೋಡ ಕಪ್ಪುಗಟ್ಟಿತ್ತು. ನಮ್ಮ ಮೇಲೆ ಮಾತ್ರ ಬಿಸಿಲು.

ಮೊದಲು ಬದಲಾದದ್ದು ಸದ್ದು. ಆಮೇಲೆ ತಿಳಿನೀರು ಕೆಂಪಾಯಿತು, ಒಣಗಿದ ಎಲೆ, ಕಡ್ಡಿ ತೇಲಿಬಂದವು. ದಂಡೆಯಿಂದ ಚಕ್ಕಡಿಯವನು “ಪಾಣೀ ಆಲ! ಮಾಗ ಯಾ!” ಎಂದು ಮರಾಠಿಯಲ್ಲಿ ಕೂಗಿದ, ನೀರು ಬಂತು, ಹಿಂದಕ್ಕೆ ಬನ್ನಿ ಎಂದು. ಮೇಲೆಲ್ಲೋ ಬಿದ್ದ ಮಳೆಯ ನೀರು ಇಳಿದುಬರುತ್ತಿತ್ತು.

“ಎಲ್ಲಾ ಬಿಡು. ನಡಿ,” ಎಂದರು ಅಕ್ಕೋರು.

ಅವರು ಮುಂದೆ, ನಾನು ಹಿಂದೆ. ನಡುದಾರಿಯಲ್ಲಿ ನೀರು ನನ್ನ ಪಾದದ ಮೇಲೆ ಹರಿಯಿತು. ಅಷ್ಟೇ, ನನ್ನ ಕಾಲು ಕಲ್ಲಿಗೆ ಹೂತುಹೋದ ಹಾಗಾಯಿತು. ಕೂಗಲೂ ಬಾಯಿ ಬರಲಿಲ್ಲ. ಅಕ್ಕೋರು ದಂಡೆಯ ಹತ್ತಿರ ಮುಟ್ಟಿದ್ದವರು ತಿರುಗಿ ನೋಡಿದರು, ಒಂದು ಗಳಿಗೆ ನಿಂತರು, ಮತ್ತೆ ನೀರಿಗೆ ಇಳಿದು ನನ್ನತ್ತ ಬಂದರು. ಅಂಜಬೇಡ ಎನ್ನಲಿಲ್ಲ. ನನ್ನ ಕೈ ಹಿಡಿದು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು. ಅದು ಗಡಗಡ ನಡುಗುತ್ತಿತ್ತು.

“ನಂದೂ ನೋಡು ಹೆಂಗ ನಡಗಾಕತ್ತೈತಿ. ನಡಗಲಿ. ನಿಲ್ಲಬ್ಯಾಡ, ಕುಂತು ಸರಕೋತ ಬಾ.”

ಕೂತೇ ತೆವಳಿದೆವು. ಚಕ್ಕಡಿಯವನು ಸೊಂಟದ ತನಕ ನೀರಿನಲ್ಲಿ ನಿಂತು ಎತ್ತಿನ ಹಗ್ಗ ಎಸೆದ. ಅಕ್ಕೋರು ಅದನ್ನು ನನ್ನ ಸೊಂಟಕ್ಕೆ ಬಿಗಿದರು. ನಾನು ದಂಡೆ ಹತ್ತಿದೆ. ಹಗ್ಗ ಬಿಚ್ಚಿ ತಿರುಗಿ ಎಸೆದೆವು, ಅವರು ಅದನ್ನು ಹಿಡಿದರು. ಅಷ್ಟರಲ್ಲಿ ತೇಲಿಬಂದ ಮರದ ಬೊಡ್ಡೆಯೊಂದು ಕಾಲಿಗೆ ಬಡಿದು ಅವರು ಮುಳುಗಿಹೋದರು. ಕೆಂಪು ನೀರು ಬಿಟ್ಟು ಏನೂ ಕಾಣಿಸಲಿಲ್ಲ. ಹಗ್ಗ ಮಾತ್ರ ಭಾರವಾಗಿತ್ತು. ಇಬ್ಬರೂ ಜಗ್ಗಿದೆವು. ದಂಡೆಗೆ ಬಂದ ಅಕ್ಕೋರು ನೀರು ಕಾರಿಕೊಂಡು “ಅವ್ವಾ, ಅವ್ವಾ” ಎಂದು ಸಣ್ಣ ಹುಡುಗಿಯ ಹಾಗೆ ಅತ್ತರು. ಕಾಲಿನ ಎಲುಬು ಮುರಿದಿತ್ತು.

ಸುದ್ದಿ ಕೇಳಿದ ಅಪ್ಪ ನನ್ನನ್ನು ಇಚಲಕರಂಜಿಗೆ ಕರೆದುಕೊಂಡು ಹೋದರು. ಕಾಲೇಜು ಸಾಕು ಎಂದರು. ಅವರು ಮಗ್ಗದ ಕೆಲಸಗಾರರು, ಒಂದು ಮಾತು ಆಡಿದರೆ ಮುಗಿಯಿತು. ಕಾಲು ಕೂಡಿದ ಮೇಲೆ ಒಂದು ಭಾನುವಾರ ಅಕ್ಕೋರು ಕೋಲು ಊರುತ್ತ ನಮ್ಮ ಮನೆಗೆ ಬಂದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ನನ್ನ ಮಗಳು ಸತ್ತಿದ್ರ ಏನ್ ಮಾಡ್ತಿದ್ರಿ?” ಅಪ್ಪ ಕೇಳಿದರು.

“ಗೊತ್ತಿಲ್ರಿ. ಅದನ್ನ ನೆನಸಿ ನನಗ ನಿದ್ದಿ ಬರವಲ್ದು. ತಪ್ಪು ನಂದ ಐತಿ. ಮ್ಯಾಲ ಮೋಡ ಆಗಿದ್ದು ಕಂಡಿತ್ರಿ, ಆದ್ರೂ ಏಳಲಿಲ್ಲ.”

“ಮತ್ತ ಕರಕೊಂಡು ಹೋಗವ್ರೇನು?”

“ಆಕಿ ಬರ್ತೇನಂದ್ರ, ನೀವು ಹೂಂ ಅಂದ್ರ.”

ಅಪ್ಪ ಅವರ ಕೋಲಿನತ್ತ, ಕಾಲಿನತ್ತ ನೋಡಿದರು. ಆಮೇಲೆ, “ನಿಮಗ ಈಜಾಕ ಬರ್ತೈತೇನು?” ಎಂದರು.

“ಇಲ್ರಿ,” ಎಂದರು ಅಕ್ಕೋರು, ತಲೆ ತಗ್ಗಿಸಿ.

ಒಲೆಯ ಮುಂದಿದ್ದ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. “ಈಜಾಕ ಬರೂದಿಲ್ಲಂತ! ಹೊಳಿಯಾಗ ಗಿಡಾ ಕೀಳಾಕ ಹೊಕ್ಕಾರಂತ! ಬ್ಯಾಸಿಗ್ಯಾಗ ಬರ್ರಿ, ಇಬ್ಬರಿಗೂ ಕಲಸ್ತೇನಿ.”

ಅವ್ವ ಕೃಷ್ಣೆಯ ದಂಡೆಯಲ್ಲಿ ಬೆಳೆದವಳು. ಜಯಸಿಂಗಪುರದ ಹತ್ತಿರ ಸೋದರಮಾವನ ಕಬ್ಬಿನ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಕಾಯಿ ಕಟ್ಟಿ ನಮ್ಮಿಬ್ಬರನ್ನೂ ಇಳಿಸಿದಳು. ಕಪ್ಪು ನೀರು, ತಳ ಕಾಣದು. “ಬಿಡಬ್ಯಾಡ್ರಿ ಯಕ್ಕಾ, ಬಿಡಬ್ಯಾಡ್ರಿ,” ಎಂದು ಕಾಲೇಜಿನ ಪ್ರಾಧ್ಯಾಪಕಿ ನಮ್ಮವ್ವನ ಸೆರಗು ಹಿಡಿದು ಕೂಗುತ್ತಿದ್ದರೆ, ಅಪ್ಪ ಯಾರೂ ಬಾರದಂತೆ ಹೊಲದ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಬೇಸಿಗೆ ಮುಗಿಯುವುದರೊಳಗೆ ಇಬ್ಬರೂ ಈಜಿದೆವು. ಅಪ್ಪ ಹೂಂ ಎಂದರು. ಮುಂದಿನ ಕಾರ್ತಿಕದಲ್ಲಿ ಅದೇ ಹೊಳೆಗೆ, ಅದೇ ಚಕ್ಕಡಿಯವನ ಜೊತೆ ಹೋಗಿ, ನಡುಗುತ್ತಲೇ ಬಾಟಲಿ ತುಂಬಿಕೊಂಡು ಬಂದೆವು.

ನಾನು ಓದು ಮುಗಿಸಿ ಗಡಹಿಂಗ್ಲಜದಲ್ಲಿ ಟೀಚರಾದೆ. ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಹೊಟ್ಟೆಯಲ್ಲಿ ಗಂಟಾಯಿತು. ಹೊಳೆಯಾಚೆಯ ಹಳ್ಳಿಯಲ್ಲಿದ್ದ ತಾಯಿಯ ಮನೆಗೆ ಬಂದು ಮಲಗಿದರು. ಶ್ರಾವಣದ ಮಳೆ ಹಿಡಿದಿತ್ತು. ಅವರಿಗೆ ಕಾಯಿಲೆ ಜೋರಾಗಿದೆ ಎಂದು ಪೇಟೆಯಲ್ಲಿ ಯಾರೋ ಹೇಳಿದರು. ಓಡಿದೆ. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ನನಗೆ ಈಜು ಬರುತ್ತಿತ್ತು, ಆ ನೀರಿಗೆ ಅದು ಸಾಲದು ಎಂಬುದೂ ಗೊತ್ತಿತ್ತು. ಕತ್ತಲಾಗುವ ತನಕ ಈಚೆ ದಂಡೆಯಲ್ಲೇ ನಿಂತಿದ್ದೆ.

ಹೊಳೆ ಇಳಿದು ನಾನು ದಾಟಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವರ ಮುದಿ ತಾಯಿ ನನ್ನ ಮುಖ ಸವರಿ ಹೇಳಿದರು: “ನಿನ್ನ ಭಾಳ ನೆನಸಿದ್ಲವ್ವಾ. ಹೇಳಿ ಕಳಸೂಣೇನು ಅಂತ ಕೇಳಿದೆ. ‘ಬ್ಯಾಡವಾ, ಹೊಳಿ ತುಂಬೈತಿ. ಆಕಿಗೆ ತಿಳಿದ್ರ ದಾಟಿ ಬರಾಕ ನೋಡ್ತಾಳ. ಹೇಳಬ್ಯಾಡ್ರಿ’ ಅಂದ್ಲು.”