ಖಾಲಿ ಬಟ್ಟಲಿನ ಕೊಲೆ ಮತ್ತು ಜಿಗಣಿಯ ಕಣ್ಣು

ಮಾದನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿದಾಗ ಮಂಜು ಇನ್ನೂ ಗೋಡೌನುಗಳ ಮೇಲೆ ಮಲಗಿತ್ತು. ಜಿಗಣಿಯಲ್ಲಿರುವ ನನ್ನ ತಂಗಿ ಪುಟ್ಟಮ್ಮನಿಗೆ ಮರುದಿನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಹೋದ ಸಲ ಆಸ್ಪತ್ರೆ ಬಾಗಿಲಿಂದ ಓಡಿಬಂದಿದ್ದಳು. ಈ ಸಲವೂ ಓಡಿದರೆ ಆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಎಳೆದುಕೊಂಡು ಹೋಗಲು ಹೊರಟಿದ್ದೆ. ಜೊತೆಗೆ ಮೊಮ್ಮಗಳು ರೇಖಾ, ಒಂದು ಸ್ಟೀಲ್ ಡಬ್ಬಿ ಚಕ್ಕುಲಿ. ಆಧಾರ್ ತೋರಿಸಿದೆವು, ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ.

ರೇಖಾಳ ಕೈಯಲ್ಲಿ ಇಂಗ್ಲಿಷ್ ಕಾದಂಬರಿ. ನಾನು ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದುವವಳು. ಅವಳು ಪುಟ ಹಾರಿಸಿಕೊಂಡು ಕತೆ ಹೇಳಿದಳು. ಇಂಗ್ಲೆಂಡಿನ ಸಣ್ಣ ಹಳ್ಳಿ. ಗುಲಾಬಿ ಬೇಲಿ, ಚರ್ಚಿನ ಗಂಟೆ, ಸಂಜೆಯ ಟೀ. ಒಬ್ಬ ಶ್ರೀಮಂತ ಮುದುಕಿ ವಿಷದಿಂದ ಸತ್ತಿದ್ದಾಳೆ. ಪೀಣ್ಯದಲ್ಲಿ ಬಸ್ಸು ತೆವಳಿತು. ಕಾದ ಕಬ್ಬಿಣದ ವಾಸನೆಯಲ್ಲಿ ನನಗೆ ಜೋಂಪು ಹತ್ತಿ, ಫ್ಯಾಕ್ಟರಿ ಗೋಡೆಗಳೆಲ್ಲ ಗುಲಾಬಿ ಬೇಲಿಯಾದವು. ಹೆಲ್ಮೆಟ್ ಹಾಕಿದವರು ಟೀ ಕುಡಿಯಲು ಹೊರಟ ಪಾದ್ರಿಗಳಂತೆ ತೇಲಿದರು.

"ಸಾಯೋ ಹಿಂದಿನ ದಿನ ಆ ಊರ ಡಾಕ್ಟರ ಹೆಂಡ್ತಿ ಮುದುಕಿ ಬಟ್ಟಲು ವಾಪಸ್ ಕೊಟ್ಟು ಹೋಗಿದ್ಲು ಅಜ್ಜಿ."

"ಬಟ್ಟಲಲ್ಲಿ ಏನಿಟ್ಟಿದ್ಲು?"

"ಏನಿಲ್ಲ, ಖಾಲಿ."

"ಅಂಗಾದ್ರೆ ಅವಳೇ ಕೊಂದಿರೋದು. ಚಿಟಿಕೆ ಸಕ್ಕರೇನಾದ್ರೂ ಹಾಕ್ದೆ ನೆರೆಮನೆ ಪಾತ್ರೆ ಯಾವಳು ಕೊಡ್ತಾಳೆ?"

"ಖರೇ ಐತ್ರೀ ಅಮ್ಮಾ," ಅಂದಳು ಹಿಂದಿನ ಸೀಟಿನ ರಾಯಚೂರಿನ ಹೆಂಗಸು. ರೇಖಾ ಬಾಯಿ ಮುಚ್ಚಿಕೊಂಡು ನಕ್ಕಳು.

ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದು ಜಿಗಣಿ ಬಸ್ಸು ಹಿಡಿದೆವು. ಬನ್ನೇರುಘಟ್ಟ ದಾಟುವಷ್ಟರಲ್ಲಿ ಕತೆ ಮುಗಿಯಿತು. ಕೊಂದವನು ಮುದುಕಿಯ ಅಣ್ಣನ ಮಗ. ಆ ಊರಲ್ಲಿ ಖಾಲಿ ಬಟ್ಟಲು ಕೊಡುವುದು ತಪ್ಪಲ್ಲವಂತೆ. ನಾನು ಬಾಡಿಗೆಗೆ ಕೊಟ್ಟಿರುವ ರೂಮುಗಳಿಗೆ ಯಾರು ಬಂದರು, ಯಾರು ಹೋದರು ನನಗೇ ತಿಳಿಯದು. ಕತೆಯ ಆ ಹಳ್ಳಿಯಲ್ಲಿ ಒಬ್ಬ ಮುದುಕಿ ಸತ್ತರೆ ಇಡೀ ಊರು ಕೈಗೆಲಸ ಬಿಟ್ಟು ಯಾಕೆ ಸತ್ತಳು ಎಂದು ಕೇಳುತ್ತದೆ. ಕೊಲೆ ಕತೆಯಾದರೂ ಹಿತವಾಗಿತ್ತು.

ಜಿಗಣಿಯ ಮನೆಯಲ್ಲಿ ಪುಟ್ಟಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. "ನಾನು ಬರಲ್ಲ ಕಣಕ್ಕ," ಅಂದಳು. ಸರಿ ಎಂದು ಕತೆ ಶುರುಮಾಡಿದೆ. ಚಕ್ಕುಲಿ ಮುರಿಯುತ್ತಾ ಮೆಲ್ಲಗೆ ಇತ್ತ ತಿರುಗಿದಳು. ಪೊಲೀಸು ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಕಡೆ ನಿಲ್ಲಿಸಿದೆ.

"ಯಾರಕ್ಕ ಕೊಂದಿದ್ದು?"

"ಆಪರೇಷನ್ ಆದ್ಮೇಲೆ."

"ಹೇಳ್ದೆ ಇದ್ರೆ ಹೋಗಲ್ಲ."

"ಹೋಗ್ದೆ ಇದ್ರೆ ಹೇಳಲ್ಲ."

ಬೆಳಿಗ್ಗೆ ನನಗಿಂತ ಮೊದಲು ಸೀರೆಯುಟ್ಟು ನಿಂತಿದ್ದಳು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದವಳ ಮೊದಲ ಮಾತು, "ಈಗ ಬೊಗಳು." ಅಣ್ಣನ ಮಗ ಎಂದೆ.

"ಸುಳ್ಳು! ಖಾಲಿ ಬಟ್ಟಲು ಕೊಟ್ಟೋಳೇ ಕೊಂದಿರೋದು."

ಪಟ್ಟಿ ಬಿಚ್ಚಿದ ದಿನ ನಾನೂ ರೇಖಾಳೂ ಹೊರಟೆವು. ನನ್ನ ಡಬ್ಬಿಯ ತುಂಬ ಅವರೆಕಾಳು ಸುರಿದುಕೊಟ್ಟಳು. "ತಗೋ, ಖಾಲಿ ಕೊಟ್ರೆ ಪೊಲೀಸ್ನೋರ ಕರೀತೀಯ."

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಪುಟ್ಟಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತು, ಫ್ಯಾಕ್ಟರಿ ಶಿಫ್ಟು ಮುಗಿಸಿ ಬರುತ್ತಿದ್ದ ಒಬ್ಬೊಬ್ಬರನ್ನೂ, ಇವರಲ್ಲಿ ಕೊಂದವರು ಯಾರು ಎಂಬಂತೆ ದಿಟ್ಟಿಸುತ್ತಿದ್ದಳು.