ಕೊನೆಗದ್ದೆಯ ಪಾರ್ವತವ್ವ

ಬನವಾಸಿ ಕಡೆಯ ಆ ಊರಿನಲ್ಲಿ ಪಾರ್ವತವ್ವನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಊರೊಳಗೆ ಕಾಲಿಟ್ಟರೆ ಅವಳ ದನಿಯೇ ದಾರಿ ತೋರಿಸುತ್ತಿತ್ತು. ಎಮ್ಮೆಗೆ ಬೈಯುವುದೂ ನೆಂಟರನ್ನು ಊಟಕ್ಕೆ ಕರೆಯುವುದೂ ಒಂದೇ ದನಿಯಲ್ಲಿ. ಈಗಲೂ ಆ ಕಡೆ ಹೋಗುವ ಬಸ್ಸು ಕಂಡರೆ ನನಗೆ ಆ ದನಿಯನ್ನೊಮ್ಮೆ ಕೇಳಬೇಕೆನಿಸುತ್ತದೆ.

ನಾನಾಗ ಅಲ್ಲಿ ಗ್ರಾಮಸೇವಕ. ನಮ್ಮ ಸೀಮೆ ಮುಂಬಯಿಯ ಕೈಬಿಟ್ಟು ಮೈಸೂರಿಗೆ ಸೇರಿ ನಾಲ್ಕಾರು ವರ್ಷವಾಗಿತ್ತು. ಹೊಸ ಭತ್ತದ ತಳಿಗಳು ಯಾವ ನೆಲಕ್ಕೆ ಒಗ್ಗುತ್ತವೆ ಎಂದು ನೋಡಲು ಕೃಷಿ ಇಲಾಖೆಯವರು ಮೂರು ಕಡೆ ಗದ್ದೆ ಹಿಡಿದಿದ್ದರು. ಮಳೆ ಜಡಿಯುವ ಸಿದ್ದಾಪುರದಲ್ಲೊಂದು, ಯಲ್ಲಾಪುರದ ಕಾಡಂಚಿನಲ್ಲೊಂದು, ನಮ್ಮ ಬಯಲಿನಲ್ಲೊಂದು. ಗದ್ದೆಯನ್ನು ಸಣ್ಣ ಸಣ್ಣ ಮಡಿ ಮಾಡಿ, ಮಡಿಗೊಂದು ಬಿದಿರು ಗೂಟ ನೆಟ್ಟು, ಗೂಟಕ್ಕೆ ತಗಡಿನ ನಂಬರು ಕಟ್ಟುತ್ತಿದ್ದೆವು. ಆ ಭತ್ತಗಳಿಗೆ ಹೆಸರಿರಲಿಲ್ಲ. ಮೂರೂ ಕಡೆಯ ಇಳುವರಿ ತೂಗಿ ನೋಡಿ, ಗೆದ್ದ ನಂಬರಿನ ಬೀಜ ರೈತರಿಗೆ; ಸೋತದ್ದು ಒಂದು ಕಾಳೂ ಬಿಡದೆ ವಾಪಸ್.

ನಮ್ಮ ಕಡೆಯ ಗದ್ದೆ ಪಾರ್ವತವ್ವನದು. ಗಂಡ ತೀರಿಕೊಂಡ ಮೇಲೆ ಮೈದುನರು ಪಾಲು ಹಂಚಿದಾಗ ಅವಳಿಗೆ ಬಂದದ್ದು ಕೆರೆಯ ಕಾಲುವೆ ಮುಗಿಯುವಲ್ಲಿನ ಕೊನೆಗದ್ದೆ. ಮೇಲಿನವರೆಲ್ಲ ಹಾಯಿಸಿಕೊಂಡು ಮಿಕ್ಕರೆ ಅವಳಿಗೆ ನೀರು. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ನೆಲ ಬಿರಿಯುತ್ತಿತ್ತು. ಪ್ರತಿ ವರ್ಷವೂ ಅರ್ಧಕ್ಕರ್ಧ ಜೊಳ್ಳು. ಇಲಾಖೆಯ ಸಾಹೇಬರು ಗದ್ದೆ ಕೇಳಿದಾಗ ಊರವರೆಲ್ಲ ಮೀನಮೇಷ ಎಣಿಸುತ್ತಿದ್ದರೆ ಇವಳು ಮುಂದೆ ಬಂದಳು.

ನಾನು ಹೇರೂರಿನ ತೋಟಿಗರ ಮನೆಯವನು. ಅದು ಅವಳಿಗೆ ಸಿಕ್ಕ ದೊಡ್ಡ ತಮಾಷೆ. "ಅಡಕಿ ನೆಳ್ಳಾಗ ಬೆಳದಾಂವ ನೀ, ಬಿಸಲಾಗ ನಿಂತು ನನಗ ಭತ್ತ ಬೆಳೆಯೂದು ಕಲಸ್ತೀ ಏನು ತಮ್ಮಾ?" ಎಂದು ಎಲ್ಲರೆದುರು ನಗುತ್ತಿದ್ದಳು. ಆಮೇಲೆ ರೊಟ್ಟಿ, ಗಟ್ಟಿ ಮೊಸರು ತಂದಿಟ್ಟು, ನಾನು ತಿಂದು ಮುಗಿಸುವವರೆಗೆ ಎದ್ದು ಹೋಗುತ್ತಿರಲಿಲ್ಲ.

ಆ ವರ್ಷ ನಾಲ್ಕನೇ ನಂಬರು ಎಲ್ಲಕ್ಕಿಂತ ಮೊದಲು ತೆನೆ ಹೊರಗೆ ಹಾಕಿತು. ಕಾಲುವೆಯ ನೀರು ನಿಲ್ಲುವ ಮೊದಲೇ ಕಾಳು ಗಟ್ಟಿಯಾಯಿತು. ನವರಾತ್ರಿಯ ಹೊತ್ತಿಗೆ ಇಡೀ ಬಯಲು ಹಸಿರಾಗಿದ್ದಾಗ ಅವಳ ಆ ಮಡಿಯಷ್ಟೇ ಹೊಂಬಣ್ಣಕ್ಕೆ ತಿರುಗಿತ್ತು. ಪಾರ್ವತವ್ವ ಒಂದು ತೆನೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ನಿಂತಳು.

"ಇದು ನನ್ನ ಭತ್ತ, ತಮ್ಮಾ. ನನ್ನ ಗದ್ದಿ ಸಲುವಾಗೇ ಹುಟ್ಟೈತಿ."

"ಹಾಗಾದರೆ ತೂಗುವವರೆಗೆ ಒಂದು ತೆನೆಯನ್ನೂ ಮುಟ್ಟಬೇಡಿ. ಯಾರಿಗೂ ಮುಟ್ಟಲು ಬಿಡಬೇಡಿ," ಎಂದು ಹೇಳಿ ಬಂದೆ.

ಆದರೆ ಹೊಸತು ಹಬ್ಬ ಬಂತು. ಹೊಸ ತೆನೆ ತಂದು, ದೇವರಿಗಿಟ್ಟು, ಬಾಗಿಲ ತೋರಣಕ್ಕೆ ಕಟ್ಟಿ, ನಾಲ್ಕು ಕಾಳು ಪಾಯಸಕ್ಕೆ ಹಾಕಿ ಉಣ್ಣುವ ಹಬ್ಬ. ಯಾರ ಗದ್ದೆ ಮೊದಲು ಹಣ್ಣಾಗುತ್ತದೋ ಅಲ್ಲಿಂದಲೇ ಊರಿಗೆಲ್ಲ ತೆನೆ, ಕೇಳುವ ಪದ್ಧತಿ ಇಲ್ಲ. ಕೊನೆಗದ್ದೆಗೆ ಆ ಮರ್ಯಾದೆ ಬಂದದ್ದು ಅದೇ ಮೊದಲು. ಬೆಳಗಾಗುತ್ತಲೇ ಹೆಂಗಸರು ತಟ್ಟೆಯಲ್ಲಿ ಅರಿಸಿನ ಕುಂಕುಮ ಹಿಡಿದು ಬಂದರು. ದೇವರಿಗೆ ಅಂದಮೇಲೆ ಕಳಪೆ ತೆನೆ ಯಾರು ಒಯ್ಯುತ್ತಾರೆ? ಒಳ್ಳೊಳ್ಳೆಯ ತೆನೆಗಳನ್ನೇ ಆರಿಸಿ ಕೊಯ್ದರು.

ಮಧ್ಯಾಹ್ನ ನಾನು ಸೈಕಲ್ಲಿನಲ್ಲಿ ಹೋದಾಗ ಮಡಿಯ ತುಂಬ ಕುಂಕುಮ ಬಿದ್ದಿತ್ತು, ತೆನೆ ಅರ್ಧ ಇರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಎಂತ ಮಾಡಿದಿರಿ ಪಾರ್ವತವ್ವ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡಿರಲ್ಲ."

ಅವಳು ಬದುವಿನ ಮೇಲೆ ಕುಳಿತಿದ್ದಳು. ಅಂದು ಮಾತ್ರ ಅವಳ ದನಿ ಏರಲಿಲ್ಲ. "ಹಬ್ಬದ ದಿನ ತಟ್ಟಿ ಹಿಡಕೊಂಡು ಬಂದವ್ರಿಗೆ ಇಲ್ಲ ಅಂತ ಹ್ಯಾಂಗ ಅನ್ನಲಿ? ಇಷ್ಟು ವರ್ಷ ನಾ ಮಂದಿ ಗದ್ದ್ಯಾಗಿಂದ ತಂದಿಲ್ಲೇನು?"

ತೂಕದ ದಿನ ಸಾಹೇಬರು ನಮ್ಮ ಮಡಿಯನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಅವರದೂ ತಪ್ಪಲ್ಲ, ಕೊಯ್ದುಹೋದ ಮಡಿಯನ್ನು ಹೇಗೆ ತೂಗಬೇಕು? ಸಿದ್ದಾಪುರದಲ್ಲಿ ಹೂ ಬಿಡುವಾಗ ಮಳೆ ಬಡಿದು ನಾಲ್ಕನೇ ನಂಬರು ನೆಲಕಚ್ಚಿತ್ತು, ಯಲ್ಲಾಪುರದಲ್ಲಿ ಹಾಗೂ ಹೀಗೂ. ಅದು ಗೆಲ್ಲಬಹುದಾಗಿದ್ದ ಒಂದೇ ನೆಲ ನಮ್ಮದಾಗಿತ್ತು. ಪಾರ್ವತವ್ವ ಒಂದು ಹಿಡಿ ಕಾಳು ಬೇಡಿದಳು. ಸಾಹೇಬರು ಒಪ್ಪಲಿಲ್ಲ. ಬದಲಿಗೆ ಬೇರೆ ಭತ್ತ ಅಳೆದುಕೊಟ್ಟು, ಚೀಲ ಹೊಲಿಸಿಕೊಂಡು ಹೊರಟುಹೋದರು. ಅವಳು ಆ ಗಾಡಿ ಮರೆಯಾಗುವವರೆಗೂ ನೋಡುತ್ತಿದ್ದಳು. ಆ ಮುಖ ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಮುಂಗಾರಿಗೆ ಮೊದಲು ಅವಳ ಮನೆಗೆ ಹೋದಾಗ ಪಕ್ಕದ ಮನೆಯ ಮುರಿಗೆವ್ವ ಒಂದು ಮೊರ ಹಿಡಿದು ಬಂದಳು. ಮೊರದಲ್ಲಿ ಹೊಗೆ ಹಿಡಿದು ಕಪ್ಪಾದ ತೆನೆಗಳು. ಊರಿನ ಬಾಗಿಲು ಬಾಗಿಲಿಗೆ ಹೋಗಿ ತೋರಣದ ತೆನೆ ಬಿಚ್ಚಿಸಿ ತಂದಿದ್ದಳು. ಬಾಗಿಲಿಗೆ ಕಟ್ಟಿದ್ದನ್ನು ಮುಂದಿನ ಹೊಸತಿನವರೆಗೆ ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಿದಂತೆ ಎಂದು ಆ ಹೆಂಗಸರೇ ನಂಬಿದವರು.

"ಗುಬ್ಬಿ ತಿಂದದ್ದು ಹ್ವಾತು, ಇಷ್ಟ ಉಳದೈತಿ. ತಗೋ," ಎಂದು ಮುರಿಗೆವ್ವ ಮೊರ ಕೆಳಗಿಟ್ಟಳು.

ಪಾರ್ವತವ್ವ ನನ್ನ ಮುಖ ನೋಡಿದಳು. "ತಮ್ಮಾ, ಇದನ್ನೂ ಒಯ್ತೀ ಏನು?"

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಪಂಚೆ ಮೇಲೆತ್ತಿ ಕಟ್ಟಿದೆ. ಕೂರಿಗೆಯಿಂದ ಬಿತ್ತುವಷ್ಟು ಬೀಜವಿರಲಿಲ್ಲ. ಗದ್ದೆಯ ಮೂಲೆಯಲ್ಲಿ ಮೂವರೂ ಕೂತು ಕಾಳು ಕಾಳಾಗಿ ಊರಿದೆವು. ತೋಟದವರ ಬೆನ್ನು ಇಷ್ಟು ಬಾಗುತ್ತದೆಂದು ಗೊತ್ತಿರಲಿಲ್ಲ ಎಂದು ಇಬ್ಬರೂ ನನ್ನನ್ನು ಆಡಿಕೊಂಡರು.

ಮತ್ತೆ ನವರಾತ್ರಿ ಬಂತು. ಮತ್ತೆ ಆ ಮೂಲೆಯೇ ಎಲ್ಲಕ್ಕಿಂತ ಮೊದಲು ಹಣ್ಣಾಯಿತು. ಹೊಸತು ಹಬ್ಬದ ಬೆಳಗ್ಗೆ ನಾನು ಬೇಕೆಂದೇ ಅಲ್ಲಿಗೆ ಹೋಗಿದ್ದೆ. ಹೆಂಗಸರು ತಟ್ಟೆ ಹಿಡಿದು ಸಾಲಾಗಿ ಬಂದರು. ಪಾರ್ವತವ್ವ ಬದುವಿನ ಮೇಲೆ ನಿಂತು, ತನ್ನ ಹಳೆಯ ದನಿಯಲ್ಲಿ, "ಬರ್ರೆವಾ, ಒಯ್ಯಿರಿ," ಎಂದು ಕರೆದಳು. ಅಷ್ಟನ್ನು ಕೊಟ್ಟುಬಿಟ್ಟರೆ ಬೀಜಕ್ಕೆ ಏನೂ ಉಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಬ್ಬೊಬ್ಬರಾಗಿ ಗದ್ದೆಗಿಳಿದರು. ತೆನೆಗಳಿಗೆ ಅರಿಸಿನ ಕುಂಕುಮ ಹಚ್ಚಿದರು, ಕೈಮುಗಿದರು. ಯಾರ ಕೈಯಲ್ಲೂ ಕುಡಗೋಲು ಇರಲಿಲ್ಲ. ತಮ್ಮ ತಮ್ಮ ಗದ್ದೆಗಳಿಗೆ ಹೋಗಿ ಇನ್ನೂ ಹಾಲುಗಟ್ಟದ ಹಸಿರು ತೆನೆಯನ್ನೇ ಮುರಿದುಕೊಂಡು ಮನೆಗೆ ನಡೆದರು. ಪಾರ್ವತವ್ವ ಬದುವಿನ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.